ಒಂದು ಪಗಾರದ ಪಟ್ಟಿಗೆ ಹನ್ನೊಂದು ತಿಂಗಳು

ಮೇ 7ಕ್ಕೆ ನಮ್ಮ ಕಾರ್ಖಾನೆಯಲ್ಲಿ ಏಪ್ರಿಲ್ ತಿಂಗಳ ಬಟವಡೆ ಆಯಿತು. 41 ಜನರಿಗೆ 41 ಪಗಾರದ ಚೀಟಿ. ಎಲ್ಲವೂ ಕನ್ನಡದಲ್ಲಿ, ಎಲ್ಲರ ಚೀಟಿಯಲ್ಲೂ ಒಂದೇ ಬಗೆಯ ಸಾಲುಗಳು. ನೋಡಿದರೆ ಇಷ್ಟೇ ಕೆಲಸ. ಇಷ್ಟಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ನಡುವೆ ಎರಡು ಸಲ ನಾನು ರಾಜೀನಾಮೆ ಬರೆದು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕ ಬರೆಯುವ ನನ್ನಂಥವರ ಮೇಲೆ ಈ ಕೆಲಸ ಇದ್ದಕ್ಕಿದ್ದಂತೆ ಬೀಳುತ್ತದೆ. ಬಿದ್ದಾಗ ಉಪಯೋಗಕ್ಕೆ ಬರಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ನಾನು ಸೇರಿದ್ದು ಲೆಕ್ಕ ಬರೆಯಲು, ಹನ್ನೊಂದು ವರ್ಷದ ಹಿಂದೆ. ಮಾನವ ಸಂಪನ್ಮೂಲ ವಿಭಾಗ ಎಂಬುದೇನೂ ನಮ್ಮಲ್ಲಿಲ್ಲ. ಪಗಾರ ಎಷ್ಟು ಎನ್ನುವುದು ಸಾಹುಕಾರರ ತಲೆಯಲ್ಲಿತ್ತು, ಏರಿಕೆ ಯಾವಾಗ ಎನ್ನುವುದು ಅವರ ಮನಸ್ಸಿನಲ್ಲಿತ್ತು, ಯಾರಿಗೆ ಎಷ್ಟು ಕೈಗಡ ಕೊಟ್ಟಿದೆ ಎನ್ನುವುದು ಕೆಂಪು ಬಟ್ಟೆ ಹೊದಿಸಿದ ಒಂದು ಕಿರ್ದಿ ಪುಸ್ತಕದಲ್ಲಿತ್ತು. ಮಗಳ ಮದುವೆ, ತಾಯಿಯ ಆಪರೇಷನ್, ಬೋರ್‌ವೆಲ್ ಎಲ್ಲಕ್ಕೂ ಅವರು ಕೊಟ್ಟಿದ್ದಾರೆ. ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಕೇಳಲು ನಾಚುವವನಿಗೆ ಆ ಪುಸ್ತಕದಲ್ಲಿ ಪುಟವೇ ಇರಲಿಲ್ಲ.

ಗಂಟು ಬಿಚ್ಚಿದ್ದು ನಮ್ಮ ಸ್ಟೋರಿನ ಕಾಕಾ. 2025ರ ಮೇ ಕೊನೆಗೆ, 19 ವರ್ಷ ದುಡಿದು ಕೆಲಸ ಬಿಟ್ಟರು. ಉಪದಾನ, ಅಂದರೆ ಎಲ್ಲರೂ ಹೇಳುವ ಗ್ರಾಚ್ಯುಟಿ, ನಾನೇ ಲೆಕ್ಕ ಹಾಕಿದೆ. ಸೂತ್ರ ಸರಳ: ಕೊನೆಯ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಅವರ ಪಗಾರ 16,000. ಆದರೆ ನಮ್ಮ ಹಳೆಯ ಪಟ್ಟಿಯಲ್ಲಿ ಮೂಲ ವೇತನ ಎಂದು ಇದ್ದದ್ದು 6,000 ಮಾತ್ರ. ಮಿಕ್ಕ 10,000 ‘ಇತರೆ ಭತ್ಯೆ’. ಹೀಗಾಗಿ ಬಂದದ್ದು 65,769 ರೂಪಾಯಿ. ಕಾಕಾ ಚೆಕ್ಕನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಇನ್ನೇನಾದರೂ ಬರೆದಿದೆಯೇನೋ ಎಂಬಂತೆ. ಏನೂ ಮಾತಾಡಲಿಲ್ಲ. ಜೇಬಿನಲ್ಲಿದ್ದ ಸ್ಟೋರಿನ ಬೀಗದ ಕೈಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಆ ರಾತ್ರಿ ಮನೆಯಲ್ಲಿ ಕುಳಿತು 16,000ದ ಮೇಲೆ ಲೆಕ್ಕ ಹಾಕಿದೆ. 1,75,385 ಬಂತು. ವ್ಯತ್ಯಾಸ 1,09,616. ಆ 6,000 ಎಂಬ ಅಂಕಿ ಎಲ್ಲಿಂದ ಬಂತು ಎಂದು ಹುಡುಕಿದರೆ, ಹಳೆಯ ಸಲಹೆಗಾರರೊಬ್ಬರು ಪಿ.ಎಫ್. (ಭವಿಷ್ಯ ನಿಧಿ) ಕಡಿಮೆ ಬೀಳಲೆಂದು ಎಂದೋ ಹಾಕಿಕೊಟ್ಟಿದ್ದು. ಸರ್ಕಾರದ ಕನಿಷ್ಠ ವೇತನದ ಅಧಿಸೂಚನೆಯಲ್ಲಿರುವ ಮೂಲ ವೇತನಕ್ಕಿಂತಲೂ ಅದು ಕಡಿಮೆ. ಹನ್ನೊಂದು ವರ್ಷ ಪ್ರತಿ ತಿಂಗಳೂ ಅದನ್ನು ಟೈಪ್ ಮಾಡಿದವಳು ನಾನೇ.

ಜೂನ್‌ನಲ್ಲಿ ಸಾಹುಕಾರರ ಮುಂದೆ ಎರಡೂ ಲೆಕ್ಕ ಇಟ್ಟೆ. ಪುಣೆಯಲ್ಲಿ ಓದಿ ಬಂದ ಅವರ ಮಗನೂ ಅಲ್ಲಿದ್ದರು. ಸಾಹುಕಾರರು ಬಹಳ ಹೊತ್ತು ಕಿಟಕಿಯ ಕಡೆ ನೋಡಿ, “ಹಾಗಾದರೆ ಎಲ್ಲರದ್ದೂ ಹೀಗೇ ಇದೆಯೇ ಅಕ್ಕಾವರೇ?” ಎಂದರು. ಹೌದು ಎಂದೆ. “ನೀವೇ ಒಂದು ಸರಿಯಾದ ಪಟ್ಟಿ ಮಾಡಿಬಿಡಿ” ಎಂದರು. ಕಾಕಾ ವಿಷಯ ಅಂದು ಎತ್ತಲು ಧೈರ್ಯ ಬರಲಿಲ್ಲ.

ಮೊದಲ ಎರಡು ತಿಂಗಳು ಕಾಗದ ಕೂಡಿಸುವುದರಲ್ಲೇ ಹೋಯಿತು. ಈ ದಾರಿ ಹಿಡಿಯುವವರಿಗೆ ನನ್ನ ಮೊದಲ ಮಾತು: ಪಟ್ಟಿ ಮಾಡುವ ಮೊದಲು ಪ್ರತಿಯೊಬ್ಬರ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಈ ಮೂರನ್ನೂ ಒಟ್ಟಿಗೆ ಇಟ್ಟು ಹೆಸರನ್ನು ಅಕ್ಷರಕ್ಕೆ ಅಕ್ಷರ ಓದಿ. ನಮ್ಮ ಕಡೆ ಬ್ಯಾಂಕಿನಲ್ಲಿ ಅಡ್ಡಹೆಸರು ಮೊದಲು ಬಂದರೆ ಆಧಾರ್‌ನಲ್ಲಿ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಒಬ್ಬರು ಒಂದು ಕಡೆ ಬಸಪ್ಪ, ಇನ್ನೊಂದು ಕಡೆ ಬಸವರಾಜ. ಜನ್ಮದಿನದ ಕಥೆ ಬೇರೆ. ನಮ್ಮ 41 ಜನರಲ್ಲಿ 14 ಮಂದಿ ಹುಟ್ಟಿದ್ದು ಜೂನ್ 1ರಂದು! ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಬರೆದದ್ದೇ ಜನ್ಮದಿನ. ಅದು ಎಲ್ಲ ಕಾಗದದಲ್ಲೂ ಜೂನ್ 1 ಎಂದೇ ಇದ್ದರೆ ಮುಟ್ಟಲು ಹೋಗಬೇಡಿ. ಆಧಾರ್ ತಿದ್ದುಪಡಿಗೆ ಕಳಿಸಿದ ಏಳು ಜನರ ಒಂದೊಂದು ದಿನದ ಕೂಲಿ ಹೋಯಿತು. ಆ ದಿನಗಳಿಗೆ ಸಂಬಳ ಸಹಿತ ರಜೆ ಕೊಡಿಸಿದ್ದು ಇಡೀ ವರ್ಷದಲ್ಲಿ ನಾನು ಗೆದ್ದ ಮೊದಲ ವಾದ.

ಎಲ್ಲರ ಪಗಾರವನ್ನೂ ಒಂದೇ ಹಾಳೆಯಲ್ಲಿ, ಕೆಲಸದ ಹೆಸರಿನ ಪ್ರಕಾರ ಬರೆದ ದಿನ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪ್ಯಾಕಿಂಗ್ ವಿಭಾಗದಲ್ಲಿ ನಾಲ್ವರು ಹೆಣ್ಣುಮಕ್ಕಳಿಗೆ 13,000. ಅದೇ ಮೇಜಿನ ಆಚೆ ಬದಿಯಲ್ಲಿ ಅದೇ ಪೆಟ್ಟಿಗೆ ಕಟ್ಟುವ ಇಬ್ಬರು ಗಂಡಸರಿಗೆ 14,500. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ, ನಾನು ಹುಟ್ಟುವ ಮೊದಲು. ಬೇರೆ ಬೇರೆ ಪುಟಗಳಲ್ಲಿ ಇದ್ದಾಗ ಈ ಎರಡು ಅಂಕಿಗಳು ನನಗೆ ಎಂದೂ ಚುಚ್ಚಿರಲಿಲ್ಲ. ಕಾರಣ ಕೇಳಿದರೆ ಫೋರ್‌ಮನ್ ಅಣ್ಣನವರು, “ಗಂಡಸರು ಭಾರ ಎತ್ತುತ್ತಾರೆ” ಎಂದರು. ಎರಡು ದಿನ ಅಲ್ಲೇ ನಿಂತು ನೋಡಿದೆ. ಭಾರ ಎತ್ತುವುದು ಟ್ರಾಲಿ. ಅದನ್ನು ಸರಿಪಡಿಸಲು ತಿಂಗಳಿಗೆ 6,000 ಸಾಕಾಗಿತ್ತು. ಸಾಹುಕಾರರು ಮರುಮಾತಿಲ್ಲದೆ ಒಪ್ಪಿದರು. ಕೇಳುವವರು ಇರಲಿಲ್ಲ, ಅಷ್ಟೇ.

ಸೆಪ್ಟೆಂಬರ್‌ನಲ್ಲಿ ಹೊಸ ಸಲಹೆಗಾರರೊಬ್ಬರನ್ನು ಹಿಡಿದೆವು. ಒಮ್ಮೆಗೆ 18,000, ಆಮೇಲೆ ತಿಂಗಳಿಗೆ 3,500. ದುಬಾರಿ ಅನಿಸಿತು, ಆದರೆ ಅವರು ಮೊದಲ ದಿನವೇ ಹೇಳಿದ್ದು ಬೆಲೆಬಾಳುವ ಮಾತು. ಎಲ್ಲರಿಗೂ ತಪ್ಪದೆ ಕೊಡುವ ಭತ್ಯೆಯೂ ಪಿ.ಎಫ್. ಲೆಕ್ಕಕ್ಕೆ ಸೇರುತ್ತದೆ, 2019ರ ಫೆಬ್ರವರಿ 28ರಂದೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ ಎಂದರು. ‘ಇತರೆ ಭತ್ಯೆ’ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಭತ್ಯೆ ಆಗುವುದಿಲ್ಲ.

ಈಗ ಅಸಲು ತೊಡಕು ಬಂತು. 16,000 ಪಗಾರದವನಿಗೆ ಮೊದಲು 6,000ದ ಮೇಲೆ ಶೇ 12 ಎಂದು 720 ಪಿ.ಎಫ್., ಶೇ 0.75ರಂತೆ 120 ಇ.ಎಸ್.ಐ. (ಕಾರ್ಮಿಕರ ಆರೋಗ್ಯ ವಿಮೆಯ ಕಂತು) ಹೋಗಿ ಕೈಗೆ 15,160 ಬರುತ್ತಿತ್ತು. ಪಿ.ಎಫ್. ಮಿತಿಯಾದ 15,000ದ ಮೇಲೆ ಹಿಡಿದರೆ 1,800 ಹೋಗುತ್ತದೆ, ಕೈಗೆ ಸಿಗುವುದು 14,080. ತಿಂಗಳಿಗೆ 1,080 ರೂಪಾಯಿ ಕಡಿಮೆ. ಸಾಹುಕಾರರಿಗೂ ಹೊರೆಯೇ. ಅವರ ಪಾಲು, ಆಡಳಿತ ಶುಲ್ಕ, ವಿಮೆ ಎಲ್ಲ ಸೇರಿ ಶೇ 13. ಅದು 780ರಿಂದ 1,950ಕ್ಕೆ ಏರುತ್ತದೆ. ಸರಿ ಮಾಡಲು ಹೊರಟರೆ ಇಬ್ಬರಿಗೂ ನಷ್ಟ ಕಾಣುವ ವಿಚಿತ್ರ ಲೆಕ್ಕ ಇದು. ಸುದ್ದಿ ಹೇಗೋ ಹೊರಬಿತ್ತು. ಮರುದಿನ ಊಟದ ಹೊತ್ತಿಗೆ ಬುತ್ತಿ ಬಿಚ್ಚದೆ ಹನ್ನೆರಡು ಜನ ನನ್ನ ಮೇಜಿನ ಸುತ್ತ ನಿಂತಿದ್ದರು. “ಅಕ್ಕಾವರೇ, ನಮ್ಮ ಪಗಾರ ಕಡಿಮೆ ಮಾಡುತ್ತಿದ್ದೀರಂತೆ.” ಆ ದುಡ್ಡು ನಿಮ್ಮ ಖಾತೆಗೇ ಹೋಗುತ್ತದೆ ಎಂದು ಎಷ್ಟು ಹೇಳಿದರೂ ಒಬ್ಬ ಕೇಳಿದ ಪ್ರಶ್ನೆಗೆ ಉತ್ತರ ಇರಲಿಲ್ಲ: “ಆ ಖಾತೆಯಿಂದ ಕಿರಾಣಿ ಅಂಗಡಿಯವನಿಗೆ ಕೊಡಲು ಬರುತ್ತದೆಯೇ?”

ಹಾಗಾಗಿ ಕೈಗೆ ಬರುವ ದುಡ್ಡು ಕಡಿಮೆಯಾಗದಂತೆ ಪಗಾರವನ್ನೇ ಏರಿಸುವ ಲೆಕ್ಕ ಹಾಕಿದೆ. 1,100 ಏರಿಸಿ 17,100 ಮಾಡಿದರೆ ಕೈಗೆ 15,171, ಅಂದರೆ ಮೊದಲಿಗಿಂತ 11 ರೂಪಾಯಿ ಹೆಚ್ಚು. ಸಾಹುಕಾರರಿಗೆ ಇ.ಎಸ್.ಐ. ಪಾಲಿನ ಶೇ 3.25ನ್ನೂ ಸೇರಿಸಿ ಒಬ್ಬನಿಗೆ 2,306 ಹೆಚ್ಚು. ಹೆಚ್ಚುಕಡಿಮೆ ಇದೇ ಪಗಾರದವರು 25 ಮಂದಿ. ತಿಂಗಳಿಗೆ 57,650. ಆ ಹಾಳೆಯನ್ನು ಸಾಹುಕಾರರು ಮಡಚಿ ಕಿರ್ದಿ ಪುಸ್ತಕದೊಳಗಿಟ್ಟರು. ಮುಂದೆ ಐದು ವಾರ ಮಾತಿಲ್ಲ. ನಾನು ಮೊದಲ ರಾಜೀನಾಮೆ ಬರೆದದ್ದು ಆಗ.

ನವೆಂಬರ್ 19ಕ್ಕೆ ಕರೆದು ‘ಆಗಲಿ, ಏಪ್ರಿಲ್‌ನಿಂದ’ ಎಂದರು. ಖುಷಿಯಿಂದ ಪಟ್ಟಿ ಅಚ್ಚುಕಟ್ಟು ಮಾಡಿದೆ. 21ರ ಶುಕ್ರವಾರ ಸಂಜೆ ಚಿಗರಿ ಬಸ್ಸಿನಲ್ಲಿ ಉಣಕಲ್ ಕಡೆ ಬರುವಾಗ ಮೊಬೈಲ್ ತೆರೆದರೆ, ಕೇಂದ್ರದ ಹೊಸ ಕಾರ್ಮಿಕ ಕಾನೂನುಗಳಾದ ನಾಲ್ಕು ಕಾರ್ಮಿಕ ಸಂಹಿತೆಗಳು ಅಂದೇ ಜಾರಿ! ಹೊಸ ವ್ಯಾಖ್ಯೆಯಲ್ಲಿ, ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗ ಮತ್ತೆ ವೇತನಕ್ಕೇ ಸೇರುತ್ತದೆ. ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ಸೋಮವಾರ ಸಾಹುಕಾರರ ಮಗ ಉತ್ಸಾಹದಿಂದ ಬಂದರು. “ಅರ್ಧ ಇಟ್ಟರೆ ಸಾಕಲ್ಲ? 8,000 ಮಾಡೋಣ, ಪಿ.ಎಫ್. 960 ಆಗುತ್ತದೆ.” ಈ ಅರ್ಧದ ಮಾತು ನಿಮ್ಮಲ್ಲೂ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅರ್ಧ ಎನ್ನುವುದು ಭತ್ಯೆ ತುಂಬಿಸಿಕೊಳ್ಳಲು ಕೊಟ್ಟ ಪರವಾನಗಿ ಅಲ್ಲ. ಕನಿಷ್ಠ ವೇತನದ ಮೂಲ ಮತ್ತು ತುಟ್ಟಿಭತ್ಯೆ ಅದಕ್ಕಿಂತ ಮೇಲಿದ್ದರೆ ಅರ್ಧದ ಮಾತೇ ಬರುವುದಿಲ್ಲ. ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಅದಕ್ಕೂ ಜಾಗ ಬಿಡಬೇಕು. ನಮ್ಮ ಪಟ್ಟಿ ಉಳಿಯಿತು. ಹೊಸದಾಗಿ ಸೇರಿದ್ದು ನೇಮಕಾತಿ ಪತ್ರ. ಎಲ್ಲರಿಗೂ ಕೊಡಬೇಕು. 41 ಪತ್ರ ಕನ್ನಡದಲ್ಲೇ ಬರೆದೆ. ಹಳಬರು ಸಹಿ ಹಾಕಲು ಹೆದರಿದರು. ಇಪ್ಪತ್ತು ವರ್ಷದ ಮೇಲೆ ನೇಮಕಾತಿ ಏಕೆ, ಹಳೆಯ ಸೇವೆ ಹೋಗುತ್ತದೆಯೇ ಎಂದು. ‘ಸೇವೆ ಆರಂಭವಾದ ದಿನಾಂಕ’ ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿದ ಮೇಲೆ ಸಹಿ ಬಿದ್ದವು. ನೀವೂ ಆ ಸಾಲು ಮರೆಯಬೇಡಿ.

ಅದೇ ಹೊತ್ತಿಗೆ ಆರು ಜನ ಹೆಲ್ಪರ್‌ಗಳ ಪಿ.ಎಫ್. ಕಟ್ಟಿಯೇ ಇಲ್ಲ ಎಂಬುದು ಹೊರಬಿತ್ತು. ಮೇಸ್ತ್ರಿಯ ಕಡೆಯವರೆಂದು ಬಿಟ್ಟಿದ್ದು. ನಮ್ಮ ಅದೃಷ್ಟಕ್ಕೆ ನವೆಂಬರ್ 1ರಿಂದ ಆರು ತಿಂಗಳ ನೋಂದಣಿ ಯೋಜನೆ ನಡೆದಿತ್ತು. 2017ರ ಜುಲೈನಿಂದ 2025ರ ಅಕ್ಟೋಬರ್‌ವರೆಗೆ ಬಿಟ್ಟುಹೋದವರನ್ನು ಸೇರಿಸಬಹುದಿತ್ತು. ಅವರಿಂದ ಕಡಿತ ಮಾಡಿರದಿದ್ದರೆ ಅವರ ಪಾಲು ಮನ್ನಾ, ಮಾಲೀಕರು ತಮ್ಮ ಪಾಲು ಬಡ್ಡಿ ಸಮೇತ ಕಟ್ಟಬೇಕಿತ್ತು, ದಂಡ 100 ರೂಪಾಯಿ. ಇದಕ್ಕೂ ಸಾಹುಕಾರರು ಒಂದೇ ಮಾತಿಗೆ ಹೂಂ ಎಂದರು.

ಆದರೆ ಯು.ಎ.ಎನ್., ಅಂದರೆ ಪಿ.ಎಫ್. ಸದಸ್ಯರ ಸಂಖ್ಯೆ, ಪಡೆಯಲು ಈಗ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಬೇಕು, ಕಣ್ಣು ಮಿಟುಕಿಸಬೇಕು. ಕುಂದಗೋಳ ಕಡೆಯ ಹುಡುಗನೊಬ್ಬ ಮೊಬೈಲ್ ಎದುರು ಹಿಡಿದರೆ ಸಾಕು, ಫೋಟೋ ಸ್ಟುಡಿಯೋದಲ್ಲಿ ಕುಳಿತವನಂತೆ ಸೆಟೆದು ಕಣ್ಣು ಅಗಲಿಸಿಬಿಡುತ್ತಿದ್ದ. “ಮಿಟುಕಿಸು ತಮ್ಮಾ” ಎಂದರೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದ. ಹದಿನಾಲ್ಕು ಸಲ ಆಯಿತು. ಕೊನೆಗೆ ಗ್ರೈಂಡಿಂಗ್ ಯಂತ್ರದವನು ಹಿಂದಿನಿಂದ ಬಂದು ಜೋಕು ಹೇಳಿದ, ಹುಡುಗ ನಕ್ಕ, ಕಣ್ಣು ತಾನೇ ಮಿಟುಕಿತು, ಹಸಿರು ಗೆರೆ ಬಂತು. ಮುಖ ತೊಳೆಸಿ, ಶೆಡ್ಡಿನಿಂದ ಹೊರಗೆ ಬೆಳಕಿನಲ್ಲಿ ನಿಲ್ಲಿಸಿ ಪ್ರಯತ್ನಿಸಿ. ಕರಿ ಎಣ್ಣೆ ಮೆತ್ತಿದ ಮುಖವನ್ನು ಮೊಬೈಲ್ ಗುರುತಿಸುವುದಿಲ್ಲ.

ರಜೆಗಳ ಪಟ್ಟಿ ಸುಲಭ ಅಂದುಕೊಂಡಿದ್ದೆ. ಐದು ರಾಷ್ಟ್ರೀಯ, ನಾಡಿನ ದಿನಗಳು ಗೊತ್ತೇ ಇವೆ, ಉಳಿದ ಐದು ಹಬ್ಬ ನಾವು ಆರಿಸಬೇಕು. ಶಿವರಾತ್ರಿಯ ಸಿದ್ಧಾರೂಢರ ಜಾತ್ರೆಗೆ ರಜೆ ಇಲ್ಲದ ಪಟ್ಟಿಯನ್ನು ಹುಬ್ಬಳ್ಳಿಯಲ್ಲಿ ಯಾರಿಗೆ ತೋರಿಸುವುದು? ಅದರ ಜಗಳ ಬರೆಯಲು ಬೇರೆ ಲೇಖನವೇ ಬೇಕು.

ಫೆಬ್ರವರಿಯಲ್ಲಿ ಕೆಲಸದ ಮೌಲ್ಯಮಾಪನ. ಸಾಹುಕಾರರ ಮಗ ಎಲ್ಲಿಂದಲೋ ಒಂದು ನಮೂನೆ ತಂದರು. ಐದಕ್ಕೆ ಎಷ್ಟು ಅಂಕ ಎಂದು: ನಾಯಕತ್ವ, ಸಂವಹನ, ದೂರದೃಷ್ಟಿ. ಲೇತ್ ಮೇಲಿರುವವನ ದೂರದೃಷ್ಟಿ ಅಳೆಯಲು ಹೋದರೆ ಬೆರಳು ಹೋಗುತ್ತದೆ. ಫೋರ್‌ಮನ್ ಅಣ್ಣನವರು ಒಂದೇ ಸಂಜೆಯಲ್ಲಿ ಎಲ್ಲವನ್ನೂ ತುಂಬಿ ಕೊಟ್ಟರು. ಎಲ್ಲರಿಗೂ ನಾಲ್ಕು. ಕೇಳಿದರೆ, “ನಾಳೆ ಇವರಿಂದಲೇ ಕೆಲಸ ಮಾಡಿಸಬೇಕಲ್ಲ ನಾನು” ಎಂದರು. ತಪ್ಪೇನಿಲ್ಲ ಅನಿಸಿತು. ನಮೂನೆ ಬದಿಗಿಟ್ಟು, ಚಹಾ ತರಿಸಿ ಬೇರೆ ಥರ ಕೇಳಿದೆ: ರಾತ್ರಿ ಅವಸರದ ಆರ್ಡರ್ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ? ಐದು ಹೆಸರು ಪಟಪಟ ಬಂದವು. ಯಾರು ಮುಟ್ಟಿದ ಮಾಲನ್ನು ಎರಡನೆಯ ಸಲ ಅಳೆಯುತ್ತೀರಿ? ಮೂರು ಹೆಸರು, ಸ್ವಲ್ಪ ತಡೆದು. ಹೊಸ ಹುಡುಗನನ್ನು ಯಾರ ಪಕ್ಕ ನಿಲ್ಲಿಸುತ್ತೀರಿ? ಇದಕ್ಕೆ ಬಂದ ಹೆಸರು ನಾವು ಯಾರೂ ಎಣಿಸಿರದ, ಮಾತೇ ಆಡದ ಒಬ್ಬ ಡ್ರಿಲ್ಲಿಂಗ್‌ನವನದು. ಆ ಪ್ರಶ್ನೆಗಳೇ ನಮ್ಮ ನಮೂನೆ ಆದವು. ಜೊತೆಗೆ ವಾಪಸು ಬಂದ ಮಾಲಿನ ಲೆಕ್ಕ, ಹೇಳಿ ಹಾಕಿದ ರಜೆ ಮತ್ತು ಹೇಳದೆ ಹಾಕಿದ ರಜೆ ಬೇರೆ ಬೇರೆ. ಮೊದಲು ಎರಡೂ ಒಂದೇ ಆಗಿದ್ದರಿಂದ ಮಕ್ಕಳಿಗೆ ಜ್ವರ ಬಂದಾಗ ಚೀಟಿ ಬರೆದುಕೊಟ್ಟು ಹೋಗುವ ಹೆಣ್ಣುಮಕ್ಕಳೇ ಯಾವಾಗಲೂ ಕೆಳಗೆ ಉಳಿಯುತ್ತಿದ್ದರು.

ನಮ್ಮಿಂದ ಆದ ದೊಡ್ಡ ತಪ್ಪು ಒಂದಿದೆ. ಪಿ.ಎಫ್. ಸರಿದೂಗಿಸುವ 1,100ನ್ನೂ ಮೌಲ್ಯಮಾಪನದ ಏರಿಕೆಯನ್ನೂ ಒಂದೇ ಏಪ್ರಿಲ್‌ನಲ್ಲಿ ತಂದೆವು. ಚೆನ್ನಾಗಿ ದುಡಿದವನಿಗೆ 1,700 ಏರಿದರೂ ಕೈಯಲ್ಲಿ ಕಂಡದ್ದು 600ರಷ್ಟು. ‘ಇಷ್ಟೇನಾ’ ಎಂಬ ಮುಖ ನೋಡಲಾಗಲಿಲ್ಲ. ಎರಡಕ್ಕೂ ಕನಿಷ್ಠ ಮೂರು ತಿಂಗಳ ಅಂತರ ಇಡಿ.

ಇನ್ನೊಬ್ಬ ಏರಿಕೆಯೇ ಬೇಡ ಎಂದ. 20,800 ಪಗಾರದ ಟರ್ನರ್, ಅವಸರದ ಆರ್ಡರಿನ ಐವರಲ್ಲಿ ಒಬ್ಬ. 21,000 ದಾಟಿದರೆ ಇ.ಎಸ್.ಐ. ತಪ್ಪುತ್ತದೆ, ಹೆಂಡತಿಗೆ ಡಯಾಲಿಸಿಸ್ ನಡೆದಿದೆ. “ಅಕ್ಕಾವರೇ, ನನ್ನನ್ನು ಚೆನ್ನಾಗಿ ಕೆಲಸ ಮಾಡದವನ ಸಾಲಿನಲ್ಲಿ ಬರೆದುಬಿಡಿ” ಎಂದ. ಸಲಹೆಗಾರರ 3,500 ಆ ತಿಂಗಳು ವಸೂಲಾಯಿತು. ಇ.ಎಸ್.ಐ. ಕಂತಿನ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿ ಶುರುವಾದ ಮೇಲೆ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೂ ಒಳಗೇ ಇರುತ್ತಾನೆ. ಹಾಗಾಗಿ ಏಪ್ರಿಲ್ 1ರ ಬದಲು ಮೇ 1ರಿಂದ ಏರಿಸಿದೆವು. ಸೆಪ್ಟೆಂಬರ್‌ವರೆಗೆ ಕಂತು ಹೋಗುತ್ತದೆ, ಅದರ ಪ್ರಯೋಜನ ಮುಂದಿನ ಜನವರಿಯಿಂದ ಜೂನ್‌ವರೆಗೆ ಸಿಗುತ್ತದೆ. ಒಂದು ತಿಂಗಳ ಏರಿಕೆ ಬಿಟ್ಟು ಆರು ತಿಂಗಳ ಚಿಕಿತ್ಸೆ. ಆಮೇಲೆ ಏನು ಎಂದು ಅವನು ಕೇಳಿದ. ಖಾಸಗಿ ಗುಂಪು ವಿಮೆಯ ದರಪಟ್ಟಿ ತರಿಸಿದ್ದೇನೆ, ಈಗಾಗಲೇ ಇರುವ ಕಾಯಿಲೆಯ ಷರತ್ತು ಓದುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಓವರ್‌ಟೈಮ್ ದುಡ್ಡು 21,000ದ ಮಿತಿಗೆ ಸೇರುವುದಿಲ್ಲ. ಇದು ಗೊತ್ತಿಲ್ಲದೆ ಓವರ್‌ಟೈಮ್ ಬೇಡ ಎನ್ನುವವರೂ ಇದ್ದಾರೆ, ಹೇಳಿಬಿಡಿ.

ಕಾಕಾ ವಿಷಯ ನಾನು ಎತ್ತಿದ್ದು ಏಪ್ರಿಲ್ ಕೊನೆಗೆ, ಎಲ್ಲ ಪಟ್ಟಿಗೂ ಸಹಿ ಬಿದ್ದ ಮೇಲೆ. ಡ್ರಾಯರಿನಿಂದ ಎರಡನೆಯ ರಾಜೀನಾಮೆಯನ್ನೂ ತೆಗೆದುಕೊಂಡು ಹೋಗಿದ್ದೆ, ಅದು ಬೇಕಾಗಲಿಲ್ಲ. ಸಾಹುಕಾರರು ಕಿರ್ದಿ ಪುಸ್ತಕ ತೆಗೆದರು. ಜೂನ್‌ನಲ್ಲಿ ನಾನು ಕೊಟ್ಟ ಎರಡು ಲೆಕ್ಕದ ಹಾಳೆ ಕಾಕಾ ಹೆಸರಿನ ಪುಟದಲ್ಲೇ ಇತ್ತು. “ತಡವಾದದ್ದಕ್ಕೆ ಬಡ್ಡಿ ಎಷ್ಟು?” ಎಂದು ಅವರೇ ಕೇಳಿದರು. ಹತ್ತು ತಿಂಗಳಿಗೆ ನೂರಕ್ಕೆ ಹತ್ತರಂತೆ 9,135. ಒಟ್ಟು 1,18,751.

ಬಟವಡೆಯ ದಿನವೇ ಕಾಕಾ ಬಂದರು. ಕನ್ನಡಕ ಹಾಕಿಕೊಂಡು ಲೆಕ್ಕದ ಹಾಳೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಬೆರಳು ಒಂದು ಕಡೆ ನಿಂತಿತು.

“ಈ 26 ಯಾವುದು ತಂಗಿ?”

“ತಿಂಗಳಿಗೆ ದುಡಿಯುವ ದಿನ ಕಾಕಾ. ನಾಲ್ಕು ಭಾನುವಾರ ಬಿಟ್ಟು.”

ಅವರು ಬೆರಳು ತೆಗೆಯಲಿಲ್ಲ. “ಭಾನುವಾರ ಲಾರಿ ಬಂದರೆ ಸ್ಟೋರಿನ ಬೀಗ ತೆಗೆಯುತ್ತಿದ್ದವನು ನಾನೇ ಅಲ್ಲವೇ?” ಎಂದರು.